ಪಾಯಿಂಟರ್‌ನಲ್ಲಿ ಕೂತ ‘ರು’

ಪ್ರೋಗ್ರಾಮ್ ಸತ್ತ ಸಾಲಿನಲ್ಲೇ ತಪ್ಪೂ ಇರುತ್ತದೆಂದು ನಂಬಿ ಕೋರ್ ಡಂಪ್ (ಸಾಯುವ ಗಳಿಗೆಯ ಮೆಮೊರಿಯ ಪ್ರತಿ) ತೆರೆಯುವವರು ಅರ್ಧ ದಾರಿಯಲ್ಲೇ ನಿಂತುಬಿಡುತ್ತಾರೆ. ಜಿಡಿಬಿ ಎಂಬ ಡಿಬಗ್ಗರ್‌ನಲ್ಲಿ ಡಂಪ್ ತೆರೆದು ‘ಬಿಟಿ’ ಎಂದು ಕೊಟ್ಟರೆ, ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಸರಣಿ ಬರುತ್ತದೆ. ಎಲ್ಲಕ್ಕಿಂತ ಮೇಲೆ ಸೊನ್ನೆಯ ಫ್ರೇಮ್. ಬಹಳ ಮಂದಿ ಅಲ್ಲಿಗೆ ಹೋಗಿ, ಆ ಸಾಲಿನ ಹಿಂದೆ ಒಂದು ‘ಇಫ್’ ಸೇರಿಸಿ, ಕೆಲಸ ಮುಗಿಯಿತೆಂದು ಏಳುತ್ತಾರೆ. ಡಂಪ್ ಓದುವ ಸುಖ ಶುರುವಾಗುವುದೇ ಅದರಾಚೆ, ‘ಎಕ್ಸ್’ ಆದೇಶ ಕೊಟ್ಟು ಮೆಮೊರಿಯ ಬೈಟ್‌ಗಳನ್ನು ಒಂದೊಂದಾಗಿ ನೋಡುವಾಗ.

ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಈ ಡಿಬಗ್ಗರ್‌ಗೆ ಈಗ ಕಿಟಕಿ, ಬಟನ್‌ಗಳ ಹೊದಿಕೆಗಳು ಹಲವಾರಿವೆ. ನಾನು ಮಾತ್ರ ಬರಿಯ ಟರ್ಮಿನಲ್‌ನ ಪಕ್ಷ. ಕಿಟಕಿ ತನಗೆ ಮುಖ್ಯವೆನಿಸಿದ್ದನ್ನು ಮೊದಲು ಮುಂದಿಡುತ್ತದೆ. ಟರ್ಮಿನಲ್ ನೀವು ಕೇಳುವವರೆಗೆ ಸುಮ್ಮನಿರುತ್ತದೆ. ಏನು ಕೇಳಬೇಕೆಂದು ಯೋಚಿಸಲು ಅಲ್ಲಿ ಬಿಡುವಿದೆ.

ಸಿದ್ಧತೆ ಹೆಚ್ಚೇನಿಲ್ಲ. ಹಲವು ಲಿನಕ್ಸ್ ಯಂತ್ರಗಳಲ್ಲಿ ಡಂಪ್‌ನ ಗಾತ್ರದ ಮಿತಿ ಸೊನ್ನೆಗೇ ನಿಂತಿರುತ್ತದೆ, ಅದನ್ನು ‘ಯುಲಿಮಿಟ್’ನಿಂದ ಸಡಿಲಿಸಿಕೊಳ್ಳಿ. ಕಂಪೈಲ್ ಮಾಡುವಾಗ ‘ಜಿ’ ಆಯ್ಕೆ ಕೊಟ್ಟು ಡಿಬಗ್ ಮಾಹಿತಿ ಉಳಿಸಿಕೊಳ್ಳಿ. ಸತ್ತ ಪ್ರೋಗ್ರಾಮ್‌ನದೇ ಪ್ರತಿ ಕೈಯಲ್ಲಿರಲಿ. ಆಮೇಲೆ ಮತ್ತೆ ಕಂಪೈಲ್ ಮಾಡಿದ್ದು ನಿಮ್ಮನ್ನು ತಪ್ಪು ಸಾಲಿಗೆ ಕರೆದೊಯ್ಯಬಹುದು. ಡಂಪ್‌ನಲ್ಲಿ ಬಳಕೆದಾರರ ಪಾಸ್‌ವರ್ಡ್‌ಗಳೂ ಇರಬಹುದು, ಕಂಡಕಂಡವರಿಗೆ ಕಳಿಸಬೇಡಿ.

ಈಗ ಒಂದು ಸಿ ಪ್ರೋಗ್ರಾಮ್ ತೆಗೆದುಕೊಳ್ಳೋಣ. ಅದರ ದಾಖಲೆಯಲ್ಲಿ ಊರಿನ ಹೆಸರಿಗೆ 16 ಬೈಟ್. ಅದರ ಬೆನ್ನಿಗೇ ಮುಂದಿನ ದಾಖಲೆಯನ್ನು ತೋರಿಸುವ 8 ಬೈಟ್‌ನ ಪಾಯಿಂಟರ್. ಬೆಂಗಳೂರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 9 ಬೈಟ್, ಆರಾಮವಾಗಿ ಹಿಡಿಸುತ್ತದೆ. ಪ್ರೋಗ್ರಾಮ್ ತಿಂಗಳುಗಟ್ಟಲೆ ಓಡುತ್ತದೆ. ಒಂದು ದಿನ ಯಾರೋ ಕನ್ನಡದಲ್ಲಿ ‘ಬೆಂಗಳೂರು’ ಎಂದು ಟೈಪ್ ಮಾಡುತ್ತಾರೆ. ಯೂನಿಕೋಡ್‌ನ ಲೆಕ್ಕದಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ ಎಲ್ಲವೂ ಬೇರೆಬೇರೆ, ಒಟ್ಟು ಎಂಟು. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್‌ನಂತೆ 24. ಕೊನೆಯ ಸೊನ್ನೆ ಸೇರಿ 25. ಅಳತೆ ನೋಡದೆ ನಕಲಿಸುವ ‘ಸ್ಟ್ರ್‌ಕಾಪಿ’ ಅಷ್ಟನ್ನೂ ಸುರಿಯುತ್ತದೆ. ಆದರೂ ಪ್ರೋಗ್ರಾಮ್ ಆಗ ಸಾಯುವುದಿಲ್ಲ. ಬಹಳ ಹೊತ್ತಿನ ಮೇಲೆ, ಪಟ್ಟಿಯನ್ನು ಮುದ್ರಿಸುವ ಬೇರಾವುದೋ ಫಂಕ್ಷನ್ ಆ ಪಾಯಿಂಟರ್ ಹಿಡಿದು ಮುಂದಿನ ದಾಖಲೆಗೆ ಹೋಗಲು ನೋಡಿದಾಗ ಮೆಮೊರಿ ತಪ್ಪಿನ ಸಿಗ್ನಲ್ 11 ಬಂದು ನೆಲಕಚ್ಚುತ್ತದೆ. ‘ಬಿಟಿ’ ತೋರಿಸುವುದು ಈ ನಿರಪರಾಧಿ ಫಂಕ್ಷನ್ನನ್ನು.

ಅಲ್ಲಿಗೇ ನಿಲ್ಲದೆ ಆ ಪಾಯಿಂಟರನ್ನು ಒಂದೇ ಸಂಖ್ಯೆಯಾಗಿ ನೋಡಿದರೆ ಕಾಣುವುದು 81 ಬಿ3 ಇ0 ಬಿ0 ಬಿ2 ಇ0 82 ಬಿ3. ಯಾವ ವಿಳಾಸವೂ ಹೀಗಿರುವುದಿಲ್ಲ. ಇಂಟೆಲ್ ಮಾದರಿಯ ಯಂತ್ರ ಸಂಖ್ಯೆಯ ಕಿರಿಯ ಬೈಟನ್ನು ಮೊದಲು ಇಡುವುದರಿಂದ ಇದನ್ನು ಹಿಂದುಮುಂದಾಗಿ ಓದಬೇಕು: ಬಿ3 82, ಇ0 ಬಿ2 ಬಿ0, ಇ0 ಬಿ3 81. ಕನ್ನಡದ ಪ್ರತಿ ಅಕ್ಷರ, ಚಿಹ್ನೆಯೂ ಇ0 ಬಿ2 ಅಥವಾ ಇ0 ಬಿ3ಯಿಂದಲೇ ಶುರುವಾಗುತ್ತದೆಂದು ಬಲ್ಲ ಕಣ್ಣಿಗೆ ತಕ್ಷಣ ತಿಳಿಯುತ್ತದೆ: ಮೊದಲೆರಡು ಬೈಟ್ ದೀರ್ಘ ಊಕಾರದ ಬಾಲ, ಆಮೇಲೆ ರಕಾರ, ಅದರ ಕೊಂಬು. ವಿಳಾಸ ಇರಬೇಕಾದಲ್ಲಿ ‘ರು’ ಬಂದು ಕೂತಿದೆ. ಹದಿನಾರು ಬೈಟ್ ಹಿಂದಕ್ಕೆ ಹೋಗಿ ‘ಎಕ್ಸ್’ ಕೊಟ್ಟರೆ ಪೂರ್ತಿ ಊರು ಸಿಗುತ್ತದೆ. ಊರು ಸಿಕ್ಕರೆ ಅದನ್ನು ಅಲ್ಲಿ ಬರೆದ ಸಾಲನ್ನು ಹುಡುಕುವುದು ಕಷ್ಟವಲ್ಲ. ಇಂಥ ಗಳಿಗೆಗಾಗಿಯೇ ನಾನು ಡಂಪ್‌ಗಳ ಮುಂದೆ ಗಂಟೆಗಟ್ಟಲೆ ಕೂರುತ್ತೇನೆ.

ತಿದ್ದುವಾಗಲೂ ಇದೇ ಬೈಟ್‌ಗಳನ್ನು ಎದುರಿಗಿಟ್ಟುಕೊಳ್ಳಿ. ನಕಲಿಸುವ ಮುನ್ನ ಅಳತೆ ನೋಡಿ 15 ಬೈಟ್‌ಗೆ ಕತ್ತರಿಸಿದರೆ ಪ್ರೋಗ್ರಾಮ್ ಬದುಕುತ್ತದೆ, ಡಂಪ್ ಬೀಳುವುದಿಲ್ಲ. ಆದರೆ ಆ 15 ಬೈಟ್‌ನಲ್ಲಿ ಉಳಿಯುವುದು ‘ಬೆಂಗಳ’. ಹೆಸರಿನ ಜಾಗವನ್ನೂ ಹಿಗ್ಗಿಸದಿದ್ದರೆ ದಾಖಲೆಗೆ ಹೋಗುವುದು ಅದೇ.