ಮಾಧವಿಯ ವರ, ಅವ್ವನ ಆಪರೇಷನ್

ಉದ್ಯೋಗಪರ್ವದ ಮಾಧವಿಯ ಕಥೆಯಲ್ಲಿ ನನ್ನನ್ನು ಕಾಡುವುದು ಕುದುರೆಗಳಲ್ಲ, ಅವಳಿಗೆ ಸಿಕ್ಕ ವರ. ಗುರುದಕ್ಷಿಣೆಗೆಂದು ಗಾಲವನಿಗೆ ಒಂದು ಕಿವಿ ಕಪ್ಪಾದ 800 ಬಿಳಿ ಕುದುರೆ ಬೇಕು. ಯಯಾತಿಯ ಬಳಿ ಕುದುರೆಗಳಿಲ್ಲ, ಮಗಳನ್ನೇ ಕೊಡುತ್ತಾನೆ. ಮೂವರು ರಾಜರು ತಲಾ 200 ಕುದುರೆ ಕೊಟ್ಟು ಅವಳಿಂದ ಒಬ್ಬೊಬ್ಬ ಮಗನನ್ನು ಪಡೆಯುತ್ತಾರೆ. ಉಳಿದ 200ರ ಬದಲಿಗೆ ಗುರು ವಿಶ್ವಾಮಿತ್ರನೇ ಅವಳನ್ನು ಪಡೆಯುತ್ತಾನೆ. ಪ್ರತಿ ಹೆರಿಗೆಯ ನಂತರ ಅವಳು ಮತ್ತೆ ಕನ್ಯೆ. ಹೆತ್ತ ಗುರುತೇ ಉಳಿಯದ ಮೈ ಯಾರಿಗೆ ವರ? ಲೆಕ್ಕ ಬರೆಯುವವರಿಗೆ.

ಅನುಪಮಾ ನಿರಂಜನ ಈ ಕಥೆಯನ್ನು ‘ಮಾಧವಿ’ ಕಾದಂಬರಿಯಾಗಿಸಿದರು. ನಾವು ಅದನ್ನು ಪುರಾಣದ ಸ್ತ್ರೀವಾದಿ ಮರುಕಥನವೆಂದು ಪಾಠ ಹೇಳಿ ಮುಗಿಸುತ್ತೇವೆ. ಆದರೆ ಅವರು ವೈದ್ಯೆ. ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ ಬರೆದವರು. ಹೆತ್ತ ಮೈ ಮೊದಲಿನಂತಾಗುವುದಿಲ್ಲ ಎಂದು ಬಲ್ಲವರು ಈ ವರದ ಕಥೆಯನ್ನೇ ಎತ್ತಿಕೊಂಡದ್ದು ಸುಮ್ಮನೆ ಅಲ್ಲ. ಆ ಮೂರೂ ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕು ಅನ್ನುವುದು ನನ್ನ ವಾದ.

ರಾಜರಿಗೆ ಮಕ್ಕಳು ಬೇಕಿತ್ತು, ನಮ್ಮ ಪ್ರಭುತ್ವಕ್ಕೆ ಬೇಡವಾಗಿತ್ತು. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕೇಂದ್ರ ತೆರೆಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಆಗ ನಿಜಾಮನ ಸೀಮೆ. ನಮಗೆ ಇದೆಲ್ಲ ತಡವಾಗಿ, ಶಿಬಿರಗಳ ರೂಪದಲ್ಲಿ ಬಂತು. ತುರ್ತುಪರಿಸ್ಥಿತಿಯ 1976-77ರಲ್ಲಿ ದೇಶದಲ್ಲಿ ನಡೆದ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳಲ್ಲಿ 62 ಲಕ್ಷ ಗಂಡಸರವು. ಗಂಡಸರು ಸಿಟ್ಟಾದರು, ಸರ್ಕಾರ ಬಿತ್ತು, ಕತ್ತರಿ ಹೆಂಗಸರ ಕಡೆ ತಿರುಗಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ಕರ್ನಾಟಕದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಪರೇಷನ್ ಆಗಿದೆ. ಗಂಡಸರ ಪಾಲು ಹೆಚ್ಚುಕಡಿಮೆ ಸೊನ್ನೆ.

ಕೇಂದ್ರ ಸರ್ಕಾರ 1996ರಲ್ಲಿ ‘ಗುರಿ’ ಪದ್ಧತಿಯನ್ನು ಕೈಬಿಟ್ಟಿತು. ನನ್ನ ತಮ್ಮ ಹುಟ್ಟಿದ್ದು ಅದಾದ ಮೇಲೆ. ಆದರೂ ಯಲಬುರ್ಗಾ ಕಡೆಯ ಶಿಬಿರವೊಂದರ ಬಗ್ಗೆ ಅವ್ವ ಹೇಳುವುದು ಹೀಗೆ: “ಅವತ್ತ ನಾನು ಹತ್ತನೇ ಕೇಸು.” ಹೆಸರಲ್ಲ, ಕೇಸು. ಎಂಟನೇ ದಿನಕ್ಕೆ ಅವಳು ಗಂಗಾವತಿ ಕಡೆ ಭತ್ತದ ಕಳೆ ತೆಗೆಯಲು ಹೋದಳು. ಸೊಂಟನೋವು ಇವತ್ತಿಗೂ ಇದೆ. ಅದು ಆಪರೇಷನ್ನಿನದೋ ಕಳೆಯದೋ ಅವಳಿಗೂ ಗೊತ್ತಿಲ್ಲ, ಯಾವ ಕಡತದಲ್ಲೂ ಅದಕ್ಕೊಂದು ಕಾಲಂ ಇಲ್ಲ. ಮಾಧವಿಯ ವರ ಅಂದರೆ ಇದೇ. ಕೇಸು ಮುಗಿದ ಕ್ಷಣ ಮೈಯೂ ಮಾಯವಾಗಬೇಕು.

ಇಷ್ಟು ಬರೆದು ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಹಿಡಿಸಲಿಲ್ಲ. “ಯಾರೂ ಎಳಕೊಂಡು ಹೋಗಿಲ್ಲ. ನನಗ ಸಾಕಾಗಿತ್ತು” ಅಂದಳು. ನನ್ನ ಪ್ರಬಂಧದಲ್ಲಿ ‘ನಿಯಂತ್ರಣ’ ಎಂದು ಬರೆದ ಕಡೆಯೆಲ್ಲ ಈಗ ಆ ‘ಸಾಕಾಗಿತ್ತು’ ಅಡ್ಡ ಬರುತ್ತಿದೆ. ಬಲಿಪಶು ಎಂದು ಬರೆದರೆ ಅವಳ ತೀರ್ಮಾನವನ್ನು ನಾನೇ ಅಳಿಸಿದಂತೆ. ಆಯ್ಕೆ ಎಂದು ಬರೆದರೆ ಆ ಹತ್ತನೇ ನಂಬರು ಎಲ್ಲಿ ಹೋಗಬೇಕು? ಕೊನೆಗೆ ಸ್ವಯಂವರ ಏರ್ಪಟ್ಟಾಗ ಮಾಧವಿ ಯಾರಿಗೂ ಮಾಲೆ ಹಾಕದೆ ಕಾಡನ್ನು ಆರಿಸಿಕೊಂಡಳು. ಅವ್ವನ ಮುಂದೆ ಕಾಡೂ ಇರಲಿಲ್ಲ.

ಅಪ್ಪನಿಗೇಕೆ ಮಾಡಿಸಲಿಲ್ಲ ಎಂದು ಕೇಳಿದೆ. ನಕ್ಕಳು. “ಅವರು ದುಡಿಯಾವ್ರಲ್ಲೇನ?” ಅಂದಳು, ಎಂಟನೇ ದಿನಕ್ಕೆ ಗದ್ದೆಗಿಳಿದವಳು.