ಉಣ್ಣೆಯ ಚೆಂಡು, ಎಂಟು ಮರದ ತುಂಡು

ಸೊಲ್ಲಾಪುರದ ಶಿಶುಶಿಕ್ಷಣದ ಮಾತು ಬಂದರೆ ಮೇರಿ ಹಾರ್ಡಿಂಗ್ ಅವರನ್ನು ನೆನೆಯಲೇಬೇಕು. ಅಮೆರಿಕನ್ ಮರಾಠಿ ಮಿಷನ್ನಿನ ಈ ಶಿಕ್ಷಕಿ ಕಳೆದ ಶತಮಾನದ ಆರಂಭದಲ್ಲಿ ಇಲ್ಲಿ ಕಿಂಡರ್‌ಗಾರ್ಟನ್ ನಡೆಸಿದರು, ಕಲಿಸುವ ಹೆಣ್ಣುಮಕ್ಕಳನ್ನೂ ತಯಾರು ಮಾಡಿದರು. ಆ ಪದ್ಧತಿಯ ಮೂಲ ಜರ್ಮನಿಯ ಫ್ರೋಬೆಲ್. ಅವರು ತಮ್ಮ ಶಾಲೆ ತೆರೆದದ್ದು 1837ರಲ್ಲಿ. ಅವರು ಮಕ್ಕಳ ಕೈಗಿತ್ತ ಸಾಮಾನುಗಳ ಮೇಲೆ ನನಗೆ ಅಪಾರ ಅಕ್ಕರೆ.

ಆ ಸಾಲಿನಲ್ಲಿ ಮೊದಲನೆಯದು ದಾರ ಕಟ್ಟಿದ ಉಣ್ಣೆಯ ಚೆಂಡು, ಆರು ಬಣ್ಣದಲ್ಲಿ. ಮೂರನೆಯದು ಎರಡಂಗುಲದ ಮರದ ಘನ. ಬಿಡಿಸಿದರೆ ಎಂಟು ಪುಟ್ಟ ಘನಗಳು. ಇಡಿ, ಅರ್ಧ, ಕಾಲು, ಅರೆಕಾಲು ಎಲ್ಲವೂ ಬೆರಳಿಗೇ ಸಿಗುತ್ತವೆ. ಕಣ್ಣು ಕಾಣದ ಮಗು ಅಂಚು ಸವರಿ ಎಣಿಸುತ್ತದೆ. ಕಿವಿ ಕೇಳದ ಮಗು ಪಕ್ಕದವಳ ಕೈ ನೋಡಿ ಗೋಪುರ ಕಟ್ಟುತ್ತದೆ. ತಪ್ಪಿದರೆ ಬೈಯುವವರಿಲ್ಲ, ಗೋಪುರ ಬೀಳುತ್ತದೆ, ಮತ್ತೆ ಕಟ್ಟಿದರಾಯಿತು.

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ಎಷ್ಟೋ ಮನೆಗಳ ಮಾತು ಕನ್ನಡ. ಅಲ್ಲಿಂದ ಮರಾಠಿ ಶಾಲೆಗೆ ಬಂದ ಮಗು ಮೊದಮೊದಲು ಬಾಯಿ ಬಿಡುವುದಿಲ್ಲ. ಚೆಂಡು ಉರುಳಿ ಬಂದರೆ ಮಾತ್ರ ತಿರುಗಿ ಉರುಳಿಸದೆ ಇರುವುದಿಲ್ಲ. ಅಂಗವಿಕಲ ಮಕ್ಕಳಿಗೆ ಉಳಿದವರ ಜೊತೆಯಲ್ಲೇ ಕಲಿಕೆ ಸಿಗಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಹಳ್ಳಿಯ ಸಣ್ಣ ಮಿಷನ್ ಶಾಲೆಗೆ ಅದಕ್ಕಾಗಿ ದುಬಾರಿ ಸಲಕರಣೆಯೇ ಬೇಕೆಂದು ನಾನು ನಂಬುವುದಿಲ್ಲ. ಚಾದರ ನೇಯುವ ಊರು ಸೊಲ್ಲಾಪುರ. ಮಿಕ್ಕ ನೂಲು ಸುತ್ತಿದರೂ ಚೆಂಡಾಗುತ್ತದೆ, ಘನಗಳನ್ನು ಊರ ಬಡಿಗನೇ ಕೊಯ್ದು ಉಜ್ಜಿ ಕೊಡಬಲ್ಲ.