ಪಾರ್ಕಿನೊಳಗೆ ಎಷ್ಟು ಪಾಲು ಹಸಿರು?

ಕೊಪ್ಪಳ ಸೀಮೆಯಲ್ಲಿ ತ್ವಾಟ ಅಂದರೆ ಬಾವಿಯೋ ಬೋರೋ ಇರುವ ಹೊಲ. ಕುಷ್ಟಗಿ ಕಡೆಯ ದಾಳಿಂಬೆ ತ್ವಾಟಕ್ಕೆ ಗಾಳಿ ತಗೊಳ್ಳಾಕ ಯಾರೂ ಹೋಗುವುದಿಲ್ಲ. ಹೋದರೆ ಕಾವಲಿನವ ಕೈ ನೋಡುತ್ತಾನೆ. ಸುಮ್ಮನೆ ಕೂತು ಎದ್ದು ಬರುವ ಹಸಿರಿಗೆ ಇಲ್ಲಿಯ ಜನ ಪಾರ್ಕ್ ಎಂಬ ಮಾತನ್ನೇ ಹಿಡಿದರು. ತುಂಗಭದ್ರಾ ಅಣೆಕಟ್ಟಿನ ಕೆಳಗೆ, ಮುನಿರಾಬಾದಿನ ಪಂಪಾವನ ಹೆಸರಿನಲ್ಲಿ ವನ, ಬಾಯಲ್ಲಿ ಪಾರ್ಕು.

ಈಗ ಆ ಮಾತು ಹಿಗ್ಗಿದೆ. ಕಾರಟಗಿ ಹತ್ತಿರದ ನವಲಿಯದು ರೈಸ್ ಪಾರ್ಕ್, ಪಾವಗಡದ್ದು ಸೋಲಾರ್ ಪಾರ್ಕ್. ಹುಲ್ಲು ಹುಡುಕಬೇಡಿ. ಆದರೆ ಇದನ್ನು ಬರೀ ಅಪಭ್ರಂಶವೆಂದು ನಾನು ಬೈಯಲಾರೆ. ಇಂಗ್ಲೆಂಡಿನಲ್ಲಿ ಹಿಂದೆ ಪಾರ್ಕ್ ಎಂದರೆ ದೊರೆಗಳು ಬೇಟೆಯ ಜಿಂಕೆಗೆಂದು ಬೇಲಿ ಹಾಕಿಸಿದ ನೆಲವೇ. ಲಂಡನ್ನಿನ ಹೈಡ್ ಪಾರ್ಕ್ ಎಂಟನೇ ಹೆನ್ರಿಯ ಬೇಟೆಯ ಜಾಗವಾಗಿತ್ತು. ಜನಕ್ಕೆ ತೆರೆದದ್ದು 1637ರಲ್ಲಿ. ನಮ್ಮ ಸರ್ಕಾರದವರು ತಿಳಿಯದೆಯೇ ಆ ಹಳೆಯ ಅರ್ಥಕ್ಕೆ ಮರಳಿದ್ದಾರೆ: ಬೇಲಿ ಉಳಿಯಿತು, ಜಿಂಕೆ ಹೋಯಿತು.

ನನಗೆ ಒಪ್ಪಿಗೆಯಾಗುವುದು ಕರ್ನಾಟಕದ 1985ರ ಉದ್ಯಾನ, ಆಟದ ಬಯಲುಗಳ ಸಂರಕ್ಷಣಾ ಕಾಯ್ದೆ ಕೊಡುವ ಅರ್ಥ. ಕಟ್ಟಡ ಇರಬಾರದು, ಇದ್ದರೂ ಇಪ್ಪತ್ತರಲ್ಲಿ ಒಂದು ಪಾಲು ಮೀರಬಾರದು. ಉಳಿದದ್ದು ಗಿಡಮರ, ಹೂಮಡಿ, ಹುಲ್ಲು. ಜನ ವಿಹಾರಕ್ಕೆ, ಗಾಳಿ ಬೆಳಕಿಗೆ ಬರುವಂತಿರಬೇಕು. ಸರ್ಕಾರಿ ಬರಹದಲ್ಲಿ ಗಾಳಿ, ಬೆಳಕು ಎಂಬ ಮಾತು ಕಾಣುವುದೇ ಅಪರೂಪ. 1991ರಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಪಾರ್ಕಿನ ಜಾಗವನ್ನು ನರ್ಸಿಂಗ್ ಹೋಮಿಗೆ ಕೊಟ್ಟದ್ದು ಸಲ್ಲದೆಂದು ತೀರ್ಪಿತ್ತಾಗ, ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೇ ಎಂಬ ವಾದ ನಿಲ್ಲಲಿಲ್ಲ.

ಕಾಯ್ದೆಯ ಆ ವ್ಯಾಖ್ಯೆಯಲ್ಲೂ ಒಂದು ಕೊರತೆಯಿದೆ. ಹುಲ್ಲುಹಾಸಿನ ಆಸೆ ಅದರದು. ಕಾಲುವೆ ನೀರು ಹರಿಯುವ ಗಂಗಾವತಿಗೆ ಅದು ಸಲ್ಲಬಹುದು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಾಣುವ ಯಲಬುರ್ಗಾದಲ್ಲಿ ಲಾನು ಎಂದರೆ ಬೇಸಿಗೆಗೆ ಟ್ಯಾಂಕರ್. ಲೇಔಟಿನ ಮೂಲೆಯಲ್ಲಿ ಗೇಟು, ಸಿಮೆಂಟಿನ ನವಿಲು, ಒಣಗಿದ ಹುಲ್ಲು ಇಟ್ಟು ಪಾರ್ಕ್ ಎಂದು ಬರೆಯುವುದು ಇದೇ ಆಸೆಯ ಫಲ. ಬೇವು, ಹೊಂಗೆ ನೆಟ್ಟು ಸುತ್ತ ಕಟ್ಟೆ ಕಟ್ಟಿಸಿದರೆ ಮುದುಕರು, ಹಮಾಲರು, ಶಾಲೆ ತಪ್ಪಿಸಿದ ಹುಡುಗರು ಎಲ್ಲರೂ ಕೂತಾರು. ಕಟ್ಟೆಯನ್ನು ಕಟ್ಟಡದ ಲೆಕ್ಕಕ್ಕೆ ಹಿಡಿಯಬೇಡಿ ಎಂದು ಪುರಸಭೆಯ ಎಂಜಿನಿಯರರಿಗೆ ಯಾರಾದರೂ ಮೊದಲೇ ಹೇಳಿಟ್ಟರೆ ಒಳ್ಳೆಯದು.